ಜಲಸಸ್ಯಗಳುಳ್ಳ ಮೀನುತೊಟ್ಟಿಯನ್ನು ಅಣಿಮಾಡಿ ಕಾಪಾಡುವ ಕ್ರಮ

(ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಿಡುವಳಿದಾರರಿಗೂ ಗ್ರಾಮ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ)



ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆ ಕೆರೆಗಳ ಸೀಮೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳ ಅರ್ಥವನ್ನು ಇಲ್ಲಿಯ ಹಿಡುವಳಿದಾರರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಕೆರೆಯ ನೀರಿನ ಒಳಗೆ ಹಗಲಿರುಳು ಏನು ನಡೆಯುತ್ತಿರುವುದೆಂಬುದನ್ನು ಕಂಡವರು ವಿರಳ. ಏರಿಯ ಮೇಲೆ ನಿಂತವನಿಗೆ ಕಾಣುವುದು ನೀರಿನ ಮೇಲುಭಾಗ ಮಾತ್ರ. ಬೇಸಗೆಯ ಒಂದು ಮುಂಜಾನೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದರೆ, ಯಾರೋ ವಿಷ ಹಾಕಿದರೆಂದು ಊರಿನಲ್ಲಿ ಜಗಳ ಹುಟ್ಟುವುದುಂಟು. ಗುತ್ತಿಗೆದಾರನು ಒಬ್ಬನನ್ನು ದೂರುತ್ತಾನೆ, ಊರವರು ಇನ್ನೊಬ್ಬನನ್ನು ದೂರುತ್ತಾರೆ. ಕಾರಣವಾದರೋ ಅನೇಕ ವೇಳೆ ಆ ನೀರಿನಲ್ಲಿಯೇ ಇರುತ್ತದೆ. ಅದನ್ನು ಕಣ್ಣಾರೆ ಕಾಣಲು ಅನುಕೂಲವಾದ ಸಾಧನವೊಂದಿದೆ. ಅದು ಎರಡು ಅಡಿ ಉದ್ದದ ಗಾಜಿನ ತೊಟ್ಟಿ; ಜನರು ಅಕ್ವೇರಿಯಂ ಎಂದು ಕರೆಯುವುದು ಇದನ್ನೇ.

ಈಗ ಪಟ್ಟಣದ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ವೈದ್ಯರ ಕೊಠಡಿಗಳಲ್ಲಿಯೂ ಇಂಥ ತೊಟ್ಟಿಗಳು ಹೇರಳವಾಗಿವೆ. ಹಳ್ಳಿಗಳಿಗೂ ಮಕ್ಕಳ ಹಟದಿಂದ ಬಂದು ಸೇರಿವೆ. ಅವುಗಳ ಪೈಕಿ ಬಹುಭಾಗದ ಆಯುಸ್ಸು ಒಂದು ತಿಂಗಳನ್ನು ಮೀರುವುದಿಲ್ಲ. ಮೊದಲ ದಿನವೇ ಬಣ್ಣದ ಕಲ್ಲು, ಪ್ಲಾಸ್ಟಿಕ್ಕಿನ ಗಿಡ, ಹತ್ತು ಹನ್ನೆರಡು ಮೀನು ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಮೂರನೆಯ ದಿನ ನೀರು ಮಜ್ಜಿಗೆಯ ತಿಳಿಯಂತೆ ಮಸಕಾಗುತ್ತದೆ. ವಾರದೊಳಗೆ ನಾಲ್ಕಾರು ಮೀನು ಸಾಯುತ್ತವೆ. ಮನೆಯವರು ನೀರನ್ನೆಲ್ಲ ಚೆಲ್ಲಿ, ತೊಟ್ಟಿಯನ್ನು ಸಾಬೂನಿನಿಂದ ತಿಕ್ಕಿ, ಹೊಸ ನೀರು ತುಂಬಿ, ಹೊಸ ಮೀನು ತರುತ್ತಾರೆ. ಮತ್ತೆ ಅದೇ ಗತಿ. ಕಡೆಗೆ ಬೇಸತ್ತು ತೊಟ್ಟಿಯನ್ನು ಅಟ್ಟಕ್ಕೆ ಏರಿಸುತ್ತಾರೆ, ಅಳಿದುಳಿದ ಮೀನನ್ನು ಕೆರೆಗೆ ಬಿಡುತ್ತಾರೆ. ಮೊದಲನೆಯದು ಒಂದು ಮನೆಯ ನಷ್ಟ. ಎರಡನೆಯದು ಊರಿನ ನಷ್ಟ. ಅದನ್ನು ಮುಂದೆ ವಿವರಿಸಲಾಗುವುದು.

ಮೀನುಗಳನ್ನು ನೋಡಿ ಸಂತೋಷಪಡುವುದು ಈ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಮೀನಿನ ಜಾತಿಗಳೂ ಅವುಗಳ ಆಹಾರವೂ ಅದರಲ್ಲಿ ಹೇಳಲ್ಪಟ್ಟಿವೆ. ದೇವಾಲಯಗಳ ಕಲ್ಯಾಣಿಗಳಲ್ಲಿ ಮೀನಿಗೆ ಪುರಿ ಎರಚುವ ವಾಡಿಕೆ ಮೀನು ತಿನ್ನದ ಮನೆತನಗಳಲ್ಲಿಯೂ ಉಂಟು. ಆದರೆ ಗಾಜಿನೊಳಗೆ, ನೀರನ್ನು ದಿನದಿನವೂ ಬದಲಾಯಿಸದೆ, ಗಿಡಗಳ ಬಲದಿಂದಲೇ ಮೀನನ್ನು ಬದುಕಿಸಬಹುದೆಂದು ಪರೀಕ್ಷಿಸಿ ಬರೆದಿಟ್ಟ ಖ್ಯಾತಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ನನದು. 1850ರ ಸುಮಾರಿಗೆ ಅವನು ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು ಮತ್ತು ಕೆಸರನ್ನು ಹರಡಿ, ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟು, ಎರಡು ಚಿನ್ನದ ಮೀನುಗಳನ್ನು ಬಿಟ್ಟನು. ಕೆಲವು ಕಾಲ ಎಲ್ಲವೂ ಸರಿಯಾಗಿದ್ದು, ಬಳಿಕ ಹಳೆಯ ಎಲೆಗಳು ಕೊಳೆತು ನೀರು ಕದಡಿತು; ಗಾಜಿನ ಮೇಲೆ ಹಸುರು ಲೋಳೆ ಕಟ್ಟಿತು. ಅವನು ನೀರನ್ನು ಚೆಲ್ಲಲಿಲ್ಲ. ಕೊಳದ ಬಸವನಹುಳುಗಳನ್ನು ಐದಾರು ತಂದು ಬಿಟ್ಟನು. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ಮೇಯ್ದುವು, ನೀರು ತಿಳಿಯಾಯಿತು. ಮೀನಿನ ಮಲ ಗಿಡಕ್ಕೆ ಗೊಬ್ಬರ, ಗಿಡದ ಉಸಿರು ಮೀನಿಗೆ ಪ್ರಾಣ, ಸತ್ತ ಎಲೆ ಹುಳುವಿಗೆ ಆಹಾರ ಎಂಬ ಏರ್ಪಾಡು ಹೀಗೆ ಬೆಳಕಿಗೆ ಬಂದಿತು.

ಈ ವೃತ್ತಾಂತದಲ್ಲಿ ರೈತರಿಗೆ ವಿಶೇಷವಾಗಿ ಸಂಬಂಧಪಟ್ಟ ಇನ್ನೊಂದು ಸಂಗತಿಯಿದೆ. ಅದೇ ಹೆಸರಿನ ವಾರಿಂಗ್‌ಟನ್ನನ ಮಗನು ವ್ಯವಸಾಯ ರಸಾಯನಶಾಸ್ತ್ರಜ್ಞನಾಗಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕ್ಷೇತ್ರದಲ್ಲಿ ಕೆಲಸಮಾಡಿದನು. ಹೊಲಕ್ಕೆ ಹಾಕಿದ ಗೊಬ್ಬರದಲ್ಲಿಯ ಅಮೋನಿಯವು ಮಣ್ಣಿನಲ್ಲಿ ಹೇಗೆ ನೈಟ್ರೇಟಾಗಿ ಮಾರ್ಪಡುವುದೆಂಬುದೇ ಅವನ ಅನ್ವೇಷಣೆಯ ವಿಷಯ. ಇದು ಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ತೋರಿಸಿದ್ದರು. ಕಿರಿಯ ವಾರಿಂಗ್‌ಟನ್ನನು ರೋಥಮ್‌ಸ್ಟೆಡ್ಡಿನಲ್ಲಿ ಅದನ್ನು ಸ್ಥಿರಪಡಿಸಿ, ಮಾರ್ಪಾಟು ಎರಡು ಹಂತಗಳಲ್ಲಿ ನಡೆಯುವುದನ್ನು ಕಂಡನು. 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಯು ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಮೊದಲನೆಯ ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ; ಎರಡನೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ತಂದೆಯ ಗಾಜಿನ ಪಾತ್ರೆಯಲ್ಲಿ ಕಾಣದಂತೆ ನಡೆದುದನ್ನೇ ಮಗನು ಹೊಲದ ಮಣ್ಣಿನಲ್ಲಿ ಹುಡುಕಿದನೆಂದರೆ ತಪ್ಪಾಗದು.

ತೊಟ್ಟಿಯಲ್ಲಿ ಮೀನು ಏಕೆ ಸಾಯುತ್ತದೆಂಬುದಕ್ಕೆ ಉತ್ತರ ಇಲ್ಲಿದೆ. ಮೀನಿನ ಕಿವಿರಿನಿಂದಲೂ ಮಲದಿಂದಲೂ, ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹೊರಡುತ್ತದೆ. ಅದು ಮೀನಿಗೆ ವಿಷ. ನೈಟ್ರೈಟೂ ವಿಷವೇ. ನೈಟ್ರೇಟ್ ಮಾತ್ರ ಬಹುಮಟ್ಟಿಗೆ ನಿರಪಾಯ, ಗಿಡಗಳಿಗೆ ಆಹಾರ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ಇರುವುದಿಲ್ಲ. ಅವು ಮರಳಿನ ಮೇಲೆ ನೆಲೆಸಿ ಸಾಕಷ್ಟು ಹೆಚ್ಚಬೇಕಾದರೆ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಮೀನು ಬಿಡುವವನು ತಿಪ್ಪೆಯ ಹಸಿ ಗೊಬ್ಬರವನ್ನು ಕಳಿಯಗೊಡದೆ ಸಸಿಯ ಬುಡಕ್ಕೆ ಸುರಿದವನಂತೆ. ಸಾಬೂನು ಹಾಕಿ ತಿಕ್ಕುವವನು, ಆಗತಾನೆ ನೆಲೆಸಿದ ಜೀವಿಗಳನ್ನು ಸಹ ತೊಳೆದು ಹಾಕಿ, ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ.

ಆದಕಾರಣ ತೊಟ್ಟಿ ಕಟ್ಟುವ ಕ್ರಮವು ಕೆರೆ ಕಟ್ಟುವ ಕ್ರಮವೇ ಆಗಿದೆ: ಮೊದಲು ನೆಲ, ಆಮೇಲೆ ನೀರು, ಆಮೇಲೆ ಗಿಡ, ಎಲ್ಲಕ್ಕೂ ಕಡೆಯಲ್ಲಿ ಮೀನು.

ಪಾತ್ರೆಯು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹದಿನೈದು ಅಂಗುಲ ಎತ್ತರವಿದ್ದರೆ ಸಾಕು. ಗಾಜು 6 ಮಿಲಿಮೀಟರ್ ದಪ್ಪವಿರುವುದು ಒಳ್ಳೆಯದು. ಹಿಂದೆ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಪುಟ್ಟಿಯಿಂದ ಬಿಗಿಯುತ್ತಿದ್ದರು. ಈಗ ಸಿಲಿಕೋನ್ ಅಂಟಿನಿಂದಲೇ ಗಾಜಿಗೆ ಗಾಜು ಹಿಡಿಯುತ್ತದೆ. ಹೊಸದಾಗಿ ಅಂಟಿಸಿದ ತೊಟ್ಟಿಯನ್ನು ನಾಲ್ಕೈದು ದಿನ ಒಣಗಬಿಟ್ಟು, ಅಂಗಳದಲ್ಲಿಟ್ಟು ನೀರು ತುಂಬಿ ಒಂದು ದಿನ ಪರೀಕ್ಷಿಸತಕ್ಕದ್ದು. ಚಿಕ್ಕ ಗುಂಡು ಪಾತ್ರೆಗಳು ನೋಡಲು ಚೆಂದವಾದರೂ ಮೀನಿಗೆ ಹಿತವಲ್ಲ. ನೀರು ಕಡಿಮೆಯಾದಷ್ಟೂ ಕೆಡುವುದು ಬೇಗ. ಗಾಜಿಗೆ ಹಣ ಹಾಕಲು ಇಷ್ಟವಿಲ್ಲದವರು ಹಿತ್ತಲಿನಲ್ಲಿರುವ ಹಳೆಯ ಕಲ್ಲುಬಾನಿಯನ್ನೇ ಉಪಯೋಗಿಸಬಹುದು; ಬದಿಯಿಂದ ನೋಡಲಾಗುವುದಿಲ್ಲವೆಂಬುದೊಂದೇ ಕೊರತೆ. ಹೊಸ ಸಿಮೆಂಟಿನ ತೊಟ್ಟಿಯಾದರೆ ಸುಣ್ಣದ ಅಂಶ ಬಿಡುವುದರಿಂದ ಎರಡು ಮೂರು ವಾರ ನೀರು ತುಂಬಿ ಚೆಲ್ಲುತ್ತಿರಬೇಕು.

ಮರಳು, ನೀರು, ಗಾಜು ಸೇರಿ ಈ ಅಳತೆಯ ತೊಟ್ಟಿ ಎಂಬತ್ತು ತೊಂಬತ್ತು ಕಿಲೋ ತೂಗುತ್ತದೆ. ಅದನ್ನು ಅಲುಗಾಡುವ ಮೇಜಿನ ಮೇಲೆ ಇಡಕೂಡದು. ಗೋಡೆಗೆ ಒರಗಿಸಿ ಕಟ್ಟಿದ ಜಗಲಿಯ ಮೇಲೆ, ಕೆಳಗೆ ದಪ್ಪ ರಟ್ಟನ್ನಾಗಲಿ ಥರ್ಮೋಕೋಲ್ ಹಲಗೆಯನ್ನಾಗಲಿ ಹಾಸಿ ಇಡತಕ್ಕದ್ದು. ತುಂಬಿದ ಮೇಲೆ ಎತ್ತಲು ಹೋದರೆ ಗಾಜು ಸೀಳುವುದು ನಿಶ್ಚಯ. ಪೂರ್ವದ ಕಿಟಕಿಯ ಸಮೀಪ, ಬೆಳಗಿನ ಒಂದೆರಡು ಗಂಟೆಯ ಎಳೆಬಿಸಿಲು ತಾಗುವ ಸ್ಥಳ ಉತ್ತಮ. ಮಾರ್ಚಿ ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲು ತಾಗಿದರೆ ನೀರು ಕಾಯುವುದಲ್ಲದೆ ಎರಡೇ ವಾರದಲ್ಲಿ ಪಾಚಿಗಟ್ಟುತ್ತದೆ. ಕತ್ತಲೆಯ ಕೋಣೆಯಾದರೆ ಎಲ್‌ಇಡಿ ದೀಪವನ್ನು ದಿನಕ್ಕೆ ಎಂಟು ಗಂಟೆ ಉರಿಸಿದರೆ ಸಾಕು. ತೊಟ್ಟಿಗೆ ಕೈಹಾಕುವ ಮುನ್ನ ದೀಪದ ತಂತಿಯನ್ನು ಗೋಡೆಯಿಂದ ಬಿಡಿಸುವುದನ್ನು ಮಕ್ಕಳಿಗೂ ಕಲಿಸಬೇಕು.

ತಳಕ್ಕೆ ಹಾಕುವ ಮಣ್ಣನ್ನು ಅಂಗಡಿಯಿಂದ ಕೊಳ್ಳುವ ಅಗತ್ಯವಿಲ್ಲ. ಬೇಸಗೆಯಲ್ಲಿ ಒಣಗಿದ ಕೆರೆಯಂಗಳದ ಹೂಳನ್ನು ರೈತರು ಹೊಲಕ್ಕೆ ಹೊಡೆಯುವುದುಂಟಷ್ಟೆ; ಅದೇ ಹೂಳು ನೀರುಗಿಡದ ಬೇರಿಗೂ ಅಚ್ಚುಮೆಚ್ಚು. ಅದನ್ನು ಒಣಗಿಸಿ ಪುಡಿಮಾಡಿ ಜರಡಿಯಾಡಿ, ಒಂದು ಅಂಗುಲ ಮಂದಕ್ಕೆ ಹರಡಬೇಕು. ಊರ ಚರಂಡಿ ಸೇರುವ ಕಡೆಯ ಹೂಳಾಗಲಿ, ಔಷಧ ಹೊಡೆದ ತೋಟದ ಬಸಿಗಾಲುವೆಯ ಹೂಳಾಗಲಿ ಒದಗದು. ಅದರ ಮೇಲೆ, ತೊಳೆದ ನೀರು ತಿಳಿಯಾಗುವವರೆಗೆ ಏಳೆಂಟು ಸಾರಿ ತೊಳೆದ ಮರಳನ್ನು ಎರಡು ಅಂಗುಲ ಹಾಸಿ ಹೂಳನ್ನು ಪೂರ್ತಿ ಮುಚ್ಚತಕ್ಕದ್ದು. ಗಿಡ ಚೆನ್ನಾಗಿ ಬರಲೆಂದು ಸಗಣಿ ಗೊಬ್ಬರವನ್ನೋ ಯೂರಿಯವನ್ನೋ ಬೆರೆಸುವವರಿದ್ದಾರೆ. ಇದು ರೈತನಿಗೆ ಸಹಜವಾದ ಬುದ್ಧಿ. ಆದರೆ ತೊಟ್ಟಿಯಲ್ಲಿ ಇದರಷ್ಟು ಬೇಗ ಮೀನನ್ನು ಕೊಲ್ಲುವ ಉಪಾಯ ಬೇರೊಂದಿಲ್ಲ.

ನೀರಿನ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಈ ಸೀಮೆಯ ಕೊಳವೆಬಾವಿಗಳ ನೀರು ಬಹುಕಡೆ ಗಡಸು. ಬೇಯಿಸಿದ ಪಾತ್ರೆಯಲ್ಲಿ ಬಿಳಿಯ ಕಿಟ್ಟ ಕಟ್ಟುವುದನ್ನು ಹೆಂಗಸರು ಬಲ್ಲರು. ಅಂಥ ನೀರಿನಲ್ಲಿ ಮುಂದೆ ಹೇಳುವ ಸಾಮಾನ್ಯ ಗಿಡಗಳೂ ಕೆರೆಯ ಸಣ್ಣ ಮೀನುಗಳೂ ಬದುಕುತ್ತವೆ. ಆದರೆ ಕ್ಷಾರ ಹೆಚ್ಚಿದ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ತೀವ್ರವಾಗುವುದರಿಂದ ಮೀನಿನ ಸಂಖ್ಯೆಯನ್ನೂ ಆಹಾರವನ್ನೂ ಮಿತಗೊಳಿಸಬೇಕು. ಮಳೆಯ ನೀರನ್ನು ಅರ್ಧಕ್ಕರ್ಧ ಬೆರೆಸಿದರೆ ಬಹಳ ಒಳ್ಳೆಯದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಮನುಷ್ಯರಿಗೆ ಶ್ರೇಷ್ಠವೆಂದು ಅದನ್ನೇ ತುಂಬುವುದು ಸರಿಯಲ್ಲ; ಅದರಲ್ಲಿ ಲವಣಗಳು ಬಹುಮಟ್ಟಿಗೆ ತೆಗೆಯಲ್ಪಟ್ಟಿರುತ್ತವೆ, ಬೆರಕೆಗೆ ಮಾತ್ರ ತಕ್ಕುದು. ಪಟ್ಟಣದ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅಗಲವಾದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಉಪಯೋಗಿಸಬೇಕು. ನೀರನ್ನು ನೇರವಾಗಿ ಸುರಿದರೆ ಹಾಸಿದ ಹೂಳು ಎದ್ದು ಕೆಸರಾಗುತ್ತದೆ. ಮರಳಿನ ಮೇಲೆ ಒಂದು ಮುತ್ತುಗದ ಎಲೆಯನ್ನು ಮಲಗಿಸಿ, ಅದರ ಮೇಲೆ ಚೊಂಬಿನಿಂದ ನಿಧಾನವಾಗಿ ಎರೆದರೆ ನೀರು ತಿಳಿಯಾಗಿಯೇ ಏರುತ್ತದೆ.

ಅಂಗೈಯಷ್ಟು ನೀರು ನಿಂತಾಗಲೇ ಗಿಡ ನೆಡುವುದು ಸುಲಭ. ವ್ಯಾಲಿಸ್ನೇರಿಯವು ಕೆರೆ ಕಾಲುವೆಗಳಲ್ಲಿ ಹುಲ್ಲಿನ ಪಟ್ಟಿಯಂತೆ ನೀಳವಾಗಿ ಬೆಳೆಯುವ ಗಿಡ. ಹೈಡ್ರಿಲ್ಲಾ ಗಂಟುಗಂಟಿಗೆ ಸಣ್ಣ ಎಲೆಗಳ ಸುತ್ತುಳ್ಳ ಬಳ್ಳಿ. ಶಾಲೆಯಲ್ಲಿ ಗಾಜಿನ ಕೊಳವೆಯಲ್ಲಿಟ್ಟು ಆಮ್ಲಜನಕದ ಗುಳ್ಳೆಗಳನ್ನು ತೋರಿಸುವುದು ಈ ಹೈಡ್ರಿಲ್ಲಾದಿಂದಲೇ. ಇವೆರಡೇ ಸಾಕು. ಅಂಗಡಿಯವರು ಪರದೇಶದ ಕೆಂಪು ಎಲೆಯ ಗಿಡಗಳನ್ನೂ ಅವಕ್ಕೆ ಇಂಗಾಲಾಮ್ಲ ಅನಿಲವನ್ನು ಉಣಿಸುವ ಸಿಲಿಂಡರುಗಳನ್ನೂ ತೋರಿಸುತ್ತಾರೆ. ಅದು ಬೇರೊಂದು ವ್ಯಸನ. ಹಣವೂ ಬಿಡುವೂ ಉಳ್ಳವರಿಗೆ ಬಿಟ್ಟದ್ದು. ವ್ಯಾಲಿಸ್ನೇರಿಯದ ಬೇರನ್ನು ಮರಳಿನಲ್ಲಿ ಹೂತು, ಎಲೆ ಹೊರಡುವ ಕತ್ತನ್ನು ಮೇಲೆ ಬಿಡಬೇಕು. ಕತ್ತು ಹೂತರೆ ಕೊಳೆಯುತ್ತದೆ. ಹೈಡ್ರಿಲ್ಲಾದ ತುಂಡುಗಳನ್ನು ಐದಾರರ ಕಟ್ಟಾಗಿ ಸಿಕ್ಕಿಸಿದರೆ ತಾವಾಗಿಯೇ ಬೇರುಬಿಡುತ್ತವೆ. ಮೊದಲಿಗೇ ದಟ್ಟವಾಗಿ ನೆಡತಕ್ಕದ್ದು. ಬಿತ್ತನೆ ವಿರಳವಾದ ಹೊಲದಲ್ಲಿ ಕಳೆ ಹೆಚ್ಚುವಂತೆ, ಗಿಡ ವಿರಳವಾದ ತೊಟ್ಟಿಯಲ್ಲಿ ಪಾಚಿ ಹೆಚ್ಚುತ್ತದೆ. ಕೆರೆಯಿಂದ ತಂದ ಗಿಡಗಳನ್ನು ಒಂದೊಂದಾಗಿ ತೊಳೆದು ಎರಡು ಮೂರು ದಿನ ಬೇರೆ ಬಕೆಟ್ಟಿನಲ್ಲಿಡಬೇಕು. ಜಿಗಣೆಗಳೂ, ಏರೋಪ್ಲೇನ್ ಚಿಟ್ಟೆಯ ಮರಿಗಳೂ ಅವುಗಳ ಸಂದಿನಲ್ಲಿ ಅಡಗಿ ಬರುತ್ತವೆ. ಈ ಮರಿಹುಳು ಮೀನುಮರಿಯನ್ನು ಹಿಡಿದು ತಿನ್ನುವುದನ್ನು ಒಮ್ಮೆ ಕಂಡವರು ಮತ್ತೆ ಮರೆಯಲಾರರು. ದನದ ಮೇವಿಗೆ ಅಜೋಲ ಬೆಳೆಯುವವರು ಅದನ್ನು ಚೆಂದಕ್ಕೆಂದು ತೊಟ್ಟಿಗೆ ಹಾಕಬಾರದು. ಅದು ಮೇಲುಭಾಗವನ್ನು ಮುಚ್ಚಿ ಕೆಳಗಿನ ಗಿಡಗಳಿಗೆ ಬೆಳಕನ್ನು ತಪ್ಪಿಸುತ್ತದೆ.

ಇನ್ನು ಕಾಯಬೇಕು. ಇದೇ ಕಷ್ಟದ ಭಾಗ. ನಾಲ್ಕು ವಾರ ಬರಿಯ ಗಿಡವನ್ನು ನೋಡುತ್ತ ಕೂತಿರುವುದು ಮಕ್ಕಳಿಗಿರಲಿ, ದೊಡ್ಡವರಿಗೂ ಬೇಸರ. ಈ ಅವಧಿಯಲ್ಲಿ ಕೆಲವು ಹಳೆಯ ಎಲೆಗಳು ಕೊಳೆಯುತ್ತವೆ, ನೀರು ಒಮ್ಮೆ ಮಸಕಾಗಿ ತಾನಾಗಿಯೇ ತಿಳಿಯಾಗುತ್ತದೆ. ಕೊಳೆತ ಎಲೆಗಳನ್ನು ಕತ್ತರಿಸಿ ತೆಗೆಯುವುದರ ಹೊರತು ಮತ್ತೇನೂ ಮಾಡಬೇಕಾದುದಿಲ್ಲ. ನಾಲ್ಕೈದು ಬಸವನಹುಳುಗಳನ್ನು ಬಿಡಬಹುದು. ಹಳೆಯ ತೊಟ್ಟಿಯಿರುವ ನೆರೆಯವರಿಂದ ಒಂದು ಹಿಡಿ ಮರಳನ್ನು ತಂದು ಹಾಕಿದರೆ, ಮೊಸರಿಗೆ ಹೆಪ್ಪು ಹಾಕಿದಂತೆ, ಸೂಕ್ಷ್ಮಜೀವಿಗಳು ಬೇಗ ಹೆಚ್ಚುತ್ತವೆ. ಹೊಸ ಎಲೆಗಳು ಹೊರಟು ಗಿಡ ಬೇರೂರಿದುದು ಕಂಡ ಮೇಲೆ ಎರಡು ಮೂರು ಮೀನು ಬಿಟ್ಟು, ಎರಡು ವಾರ ನೋಡಿ, ಉಳಿದವನ್ನು ಬಿಡತಕ್ಕದ್ದು. ಈ ಅಳತೆಯ ತೊಟ್ಟಿಯಲ್ಲಿ ನಿಜವಾಗಿ ಹಿಡಿಯುವ ನೀರು ಸುಮಾರು 50 ಲೀಟರ್. ಒಂದೂವರೆ ಅಂಗುಲವನ್ನು ಮೀರದ ಹತ್ತು ಮೀನುಗಳಿಗೆ ಮೇಲೆ ಅದರಲ್ಲಿ ಸಾಕಬಾರದು.

ಮೀನನ್ನು ಆರಿಸುವಾಗ ಸಮೀಪದ ಹಳ್ಳ ಕೆರೆಗಳ ಸಣ್ಣ ಜಾತಿಗಳನ್ನೇ ಮೊದಲು ಯೋಚಿಸತಕ್ಕದ್ದು. ಸಣ್ಣ ಗೆಂಡೆಗಳು ಗುಂಪಾಗಿ ಓಡಾಡುತ್ತ ಬಹು ಚೆಲುವಾಗಿ ಕಾಣುತ್ತವೆ. ತಲೆಯ ಮೇಲೆ ಬೆಳ್ಳಿಯ ಚುಕ್ಕೆಯುಳ್ಳ, ನೀರಿನ ಮೇಲುಭಾಗದಲ್ಲಿಯೇ ಸುಳಿಯುವ ಸಣ್ಣ ಮೀನೊಂದು ನಿಂತ ನೀರುಗಳಲ್ಲಿ ಸಿಗುತ್ತದೆ. ಶಾಸ್ತ್ರಜ್ಞರು ಅದನ್ನು ಅಪ್ಲೊಕೈಲಸ್ ಎನ್ನುತ್ತಾರೆ. ಅದು ಸೊಳ್ಳೆಯ ಮರಿಗಳನ್ನು ಹುಡುಕಿ ತಿನ್ನುತ್ತದೆ. ಕೊರವನ ಮರಿಯನ್ನು ತಂದರೆ ಅದು ಉಳಿದವನ್ನೆಲ್ಲ ನುಂಗಿ ಒಂಟಿಯಾಗಿ ಉಳಿಯುತ್ತದೆ. ಕಾಟ್ಲ, ರೋಹು, ಮೃಗಾಲ್ ಮರಿಗಳು ಕೆರೆಗೆ ತಕ್ಕವೇ ಹೊರತು ತೊಟ್ಟಿಗಲ್ಲ. ಕೆರೆಯಲ್ಲಿ ಅವು ಕಿಲೋಗಟ್ಟಲೆ ತೂಗುವ ಜಾತಿ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿದ್ದಲ್ಲಿ ಗುತ್ತಿಗೆದಾರನ ಒಪ್ಪಿಗೆಯಿಲ್ಲದೆ ನಾಲ್ಕು ಗೆಂಡೆಯನ್ನೂ ಹಿಡಿಯದಿರುವುದು ಮರ್ಯಾದೆ. ತಂದ ಮೀನನ್ನು ಎರಡು ವಾರ ಬೇರೆ ಪಾತ್ರೆಯಲ್ಲಿಟ್ಟು, ಮೈಮೇಲೆ ರವೆಯ ಕಾಳಿನಂಥ ಬಿಳಿಯ ಚುಕ್ಕೆಗಳು ಏಳದಿದ್ದರೆ ತೊಟ್ಟಿಗೆ ಬಿಡಬೇಕು.

ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಕಡಲೆಕಾಯಿ ಹಿಂಡಿಯನ್ನೂ ಅಕ್ಕಿಯ ತೌಡನ್ನೂ ಸಮವಾಗಿ ಬೆರೆಸಿ ಬಟ್ಟೆಯಲ್ಲಿ ಜಾಲಿಸಿದ ಪುಡಿ ಒಂದು ಚಿಟಿಕೆ ಸಾಕು. ವಾರಕ್ಕೊಂದು ದಿನ ಉಪವಾಸ ಹಾಕಿದರೆ ಮೀನಿಗೆ ಯಾವ ತೊಂದರೆಯೂ ಇಲ್ಲ. ಕಲ್ಯಾಣಿಯ ಪುರಿಯ ವಾಡಿಕೆಯನ್ನಾಗಲಿ, ಊಟದ ಎಲೆಯ ಅನ್ನದಗುಳನ್ನಾಗಲಿ ತೊಟ್ಟಿಗೆ ತರಬಾರದು. ಬಂದ ನೆಂಟರಲ್ಲಿ ಒಬ್ಬೊಬ್ಬರೂ ಒಂದೊಂದು ಚಿಟಿಕೆ ಹಾಕಿ ಹೋದರೆ ಮರುದಿನ ಅದರ ಫಲ ಕಾಣುತ್ತದೆ.

ವಾರಕ್ಕೊಮ್ಮೆ ನೀರಿನ ಕಾಲು ಭಾಗವನ್ನು, ಎಂದರೆ ಸುಮಾರು ಒಂದು ಬಕೆಟ್ಟಿನಷ್ಟನ್ನು, ತೆಗೆದು ಅಷ್ಟೇ ಹೊಸ ನೀರು ಹಾಕತಕ್ಕದ್ದು. ತೆಗೆಯುವುದಕ್ಕೆ ಬೆರಳುಗಾತ್ರದ ರಬ್ಬರ್ ಕೊಳವೆ ಸಾಕು: ಅದನ್ನು ನೀರಿನಿಂದ ತುಂಬಿ, ಎರಡು ತುದಿಗಳನ್ನೂ ಹೆಬ್ಬೆರಳಿನಿಂದ ಮುಚ್ಚಿ, ಒಂದನ್ನು ತೊಟ್ಟಿಯಲ್ಲಿ ಮುಳುಗಿಸಿ, ಮತ್ತೊಂದನ್ನು ಕೆಳಗಿನ ಬಕೆಟ್ಟಿನಲ್ಲಿ ಬಿಟ್ಟರೆ ನೀರು ಅಂಚನ್ನು ಏರಿ ತಾನಾಗಿ ಇಳಿಯುತ್ತದೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದ ಸೈಫನ್ನುಗಳು ನೀರು ಮಟ್ಟ ಮೀರಿದಾಗ ಯಾರೂ ಬಾಗಿಲೆತ್ತದೆ ತಾವಾಗಿ ಹರಿಯುವುದೂ ಇದೇ ತತ್ತ್ವದಿಂದ. ಶಾಲಾ ಮಕ್ಕಳಿಗೆ ಈ ಕೊಳವೆಯನ್ನು ತೋರಿಸಿದ ಮೇಲೆ ಆ ಕಟ್ಟೆಯನ್ನು ತೋರಿಸಿದರೆ ಪಾಠ ಬೇಗ ನಾಟುತ್ತದೆ. ಕೊಳವೆಯ ತುದಿಯನ್ನು ಮರಳಿನ ಮೇಲೆ ಆಡಿಸಿದರೆ ಕಸವೂ ಹೊರಬರುತ್ತದೆ. ಹೊರಬಂದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಕರಿಬೇವಿನ ಗಿಡಕ್ಕೋ ಹೂವಿನ ಮಡಿಗೋ ಎರೆಯುವುದು ಲಾಭ. ಮರಳನ್ನು ಕಿತ್ತು ತೊಳೆಯುವುದಾಗಲಿ, ನೀರನ್ನು ಪೂರ್ತಿ ಬದಲಾಯಿಸುವುದಾಗಲಿ ಎಂದಿಗೂ ಕೂಡದು.

ಇಷ್ಟು ಮಾಡಿದವನು ಒಂದು ದಿನ ಸೂರ್ಯೋದಯಕ್ಕೆ ಮುಂಚೆ ಎದ್ದು ದೀಪ ಹಿಡಿದು ತೊಟ್ಟಿಯನ್ನು ನೋಡಬೇಕು. ಮೀನು ಹೆಚ್ಚಾಗಿದ್ದರೆ ಅಥವಾ ಆಹಾರ ಕೊಳೆತಿದ್ದರೆ, ಆ ಹೊತ್ತಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಗಿಡ ಹಗಲಿನಲ್ಲಿ ಬೆಳಕಿನ ಸಹಾಯದಿಂದ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿಯಲ್ಲಿ ತಾನೂ ಮೀನಿನಂತೆ ಅದನ್ನೇ ಉಸಿರಾಡುತ್ತದೆ. ಹೀಗಾಗಿ ರಾತ್ರಿಯೆಲ್ಲ ಕಡಿಮೆಯಾಗುತ್ತ ಬಂದ ಆಮ್ಲಜನಕ ಬೆಳಗಿನ ಜಾವಕ್ಕೆ ತೀರ ತಗ್ಗುತ್ತದೆ. ತೊಟ್ಟಿಯಲ್ಲಾದರೆ ಅರ್ಧ ನೀರನ್ನು ಒಡನೆ ಬದಲಾಯಿಸಿ, ಆಹಾರ ನಿಲ್ಲಿಸಿ, ಮೀನಿನ ಸಂಖ್ಯೆಯನ್ನು ತಗ್ಗಿಸಿದರೆ ತೀರಿತು.

ಕೆರೆಯಲ್ಲಿಯೂ ನಡೆಯುವುದು ಇದೇ. ಬೇಸಗೆಯಲ್ಲಿ ನೀರು ತಗ್ಗಿ, ಚರಂಡಿಯ ಕೊಳೆಯಿಂದಲೂ ಹೊಲಗಳ ಗೊಬ್ಬರದಿಂದಲೂ ನೀರೆಲ್ಲ ಹಸುರುಗಟ್ಟಿ, ಒಂದೆರಡು ದಿನ ಮೋಡ ಮುಚ್ಚಿದರೆ, ಮೂರನೆಯ ಬೆಳಗ್ಗೆ ಮೀನು ತೇಲುತ್ತದೆ. ಪೊಲೀಸಿಗೆ ಹೋಗುವ ಮುನ್ನ ಗ್ರಾಮದ ಮುಖಂಡರು ಎರಡು ಸಂಗತಿಗಳನ್ನು ವಿಚಾರಿಸತಕ್ಕದ್ದು. ಮೀನು ಬಾಯಿ ಬಿಡಲು ತೊಡಗಿದ್ದು ಬೆಳಗಿನ ಜಾವದಲ್ಲಿಯೇ, ಹಗಲಿನಲ್ಲಿಯೇ? ಮೊದಲು ಸತ್ತವು ದೊಡ್ಡ ಮೀನುಗಳೇ, ಸಣ್ಣವೇ? ಬೆಳಗಿನ ಜಾವದಲ್ಲಿ ದೊಡ್ಡವು ಮೊದಲು ಸತ್ತಿದ್ದರೆ ಆಮ್ಲಜನಕದ ಕೊರತೆಯೆಂದು ಬಹುಮಟ್ಟಿಗೆ ಹೇಳಬಹುದು. ಹೊತ್ತು ಗೊತ್ತಿಲ್ಲದೆ ಸಣ್ಣವು ಮೊದಲು ಸತ್ತಿದ್ದರೆ ಕೀಟನಾಶಕದ ಸಂಶಯಕ್ಕೆ ಎಡೆಯುಂಟು, ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ಗಾಜಿನ ತೊಟ್ಟಿಯ ಬಳಿ ಆರು ತಿಂಗಳು ಕುಳಿತವನು ಈ ಭೇದವನ್ನು ಯಾರ ಸಹಾಯವೂ ಇಲ್ಲದೆ ಗ್ರಹಿಸುತ್ತಾನೆ, ಮತ್ತು ಊರ ಚರಂಡಿಯನ್ನು ಕೆರೆಗೆ ತಿರುಗಿಸುವ ಪ್ರಸ್ತಾಪ ಬಂದಾಗ ಸುಮ್ಮನೆ ಕೂರುವುದಿಲ್ಲ.

ಈಗ ಮೊದಲು ತಡೆದಿಟ್ಟ ವಿಷಯಕ್ಕೆ ಬರಬೇಕು. ತೊಟ್ಟಿಯು ಬೇಸರವಾದಾಗ ಅದರ ಮೀನನ್ನೂ ಗಿಡವನ್ನೂ ಕೆರೆಗೆ ಬಿಡುವುದು ದಯೆಯ ಕೆಲಸವೆಂದು ಜನರು ಭಾವಿಸುತ್ತಾರೆ. ದಯೆಯೇನೋ ನಿಜ, ಫಲ ಮಾತ್ರ ವಿಪರೀತ. ದಕ್ಷಿಣ ಅಮೆರಿಕದ ಹಯಸಿಂತ್ ಗಿಡವನ್ನು ಅದರ ನೇರಳೆ ಹೂವಿನ ಚೆಲುವಿಗೆ ಮರುಳಾಗಿ 19ನೆಯ ಶತಮಾನದ ಕಡೆಯ ಭಾಗದಲ್ಲಿ ಬಂಗಾಳಕ್ಕೆ ತಂದರು. ಅದು ದೇಶದ ಕೆರೆಗಳನ್ನು ಹೇಗೆ ಮುಚ್ಚಿತೆಂಬುದನ್ನು ಯಂತ್ರ ಹಚ್ಚಿ ಅದನ್ನು ಎತ್ತಿಸುವ ನಗರಸಭೆಗಳು ಬಲ್ಲವು. ಮೈಮೇಲೆ ಗಟ್ಟಿ ಚಿಪ್ಪುಳ್ಳ ಸಕ್ಕರ್ ಮೀನನ್ನು, ಗಾಜಿನ ಪಾಚಿ ತಿನ್ನುತ್ತದೆಂದು ಹೇಳಿ, ಬೆರಳುದ್ದವಿರುವಾಗ ಅಂಗಡಿಗಳಲ್ಲಿ ಮಾರುತ್ತಾರೆ. ಅದು ಒಂದೂವರೆ ಅಡಿ ಬೆಳೆಯುತ್ತದೆ. ತೊಟ್ಟಿ ಸಾಲದೆ ಹೊರಗೆ ಬಿಟ್ಟುದರಿಂದ ಅದು ಈಗ ಆಂಧ್ರ, ಕೇರಳ, ಬಂಗಾಳಗಳ ನೀರುಗಳಲ್ಲಿ ಸಂತಾನ ಬೆಳೆಸಿಕೊಂಡಿದೆ. ಬಲೆ ಹರಿಯುತ್ತದೆ, ತಿನ್ನುವವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದು ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ಮಣ್ಣಿನ ಏರಿಯನ್ನು ನಂಬಿ ಅಚ್ಚುಕಟ್ಟು ಮಾಡುವ ಸೀಮೆಯಲ್ಲಿ ಇದರ ಅರ್ಥವನ್ನು ವಿಸ್ತರಿಸಬೇಕಾಗಿಲ್ಲ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರವು 2000ನೆಯ ಇಸವಿಯಲ್ಲಿ ನಿಷೇಧಿಸಿದ್ದು ಅದು ನಾಡಿನ ಮೀನುಗಳನ್ನು ತಿಂದು ಹಾಕುವುದೆಂಬ ಕಾರಣದಿಂದಲೇ.

ಸೊಳ್ಳೆಯ ನಿವಾರಣೆಗಾಗಿ ತಂದ ಮೀನುಗಳ ವಿಷಯದಲ್ಲಿಯೂ ವಿವೇಕ ಬೇಕು. ಗ್ಯಾಂಬೂಸಿಯವನ್ನು 1928ರಲ್ಲಿ ಇಟಲಿಯಿಂದ ಈ ದೇಶಕ್ಕೆ ತರಿಸಲಾಯಿತು. ಹಾಸನ ಜಿಲ್ಲೆಯ ಬಾಣಾವರದ ಕಡೆಯಲ್ಲಿಯೂ ಕೋಲಾರ ಸೀಮೆಯ ಕಾಮಸಮುದ್ರದ ಕಡೆಯಲ್ಲಿಯೂ ಹಳ್ಳಿಯ ಬಾವಿಗಳಲ್ಲಿ ಗಪ್ಪಿ ಮೀನನ್ನು ಬಿಟ್ಟು ಮಲೇರಿಯದ ಸೊಳ್ಳೆಯನ್ನು ತಗ್ಗಿಸಿದ ಪ್ರಯೋಗಗಳು ಯಶಸ್ವಿಯಾಗಿವೆ. ಬಾವಿ, ಬಾನಿ, ಸಿಮೆಂಟಿನ ತೊಟ್ಟಿ ಇವು ಮುಚ್ಚಿದ ನೀರುಗಳು. ಅಲ್ಲಿ ಆರೋಗ್ಯ ಇಲಾಖೆಯವರು ಕೊಟ್ಟ ಗಪ್ಪಿಯನ್ನು ಬಿಡುವುದರಿಂದ ಉಪಕಾರವುಂಟು. ಹರಿಯುವ ಹಳ್ಳಕ್ಕೂ ಕೆರೆಗೂ ಬಿಟ್ಟರೆ, ಅದೇ ಕೆಲಸವನ್ನು ಮೊದಲಿನಿಂದ ಮಾಡುತ್ತಿದ್ದ ನಾಡಿನ ಸಣ್ಣ ಮೀನಿನ ಮರಿಗಳನ್ನೂ ಅನ್ನವನ್ನೂ ಈ ಹೊರಗಿನವು ಕಸಿಯುತ್ತವೆ.

ಒಂದು ಕೆರೆಗೆ ಬಿಟ್ಟದ್ದು ಆ ಕೆರೆಯಲ್ಲಿಯೇ ನಿಲ್ಲುವುದಿಲ್ಲವೆಂಬುದೂ ನೆನಪಿರಲಿ. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟದಲ್ಲಿ ಶಿಂಷೆಯೂ ಹುಟ್ಟುತ್ತದೆ, ಜಯಮಂಗಲಿಯೂ ಹುಟ್ಟುತ್ತದೆ. ಜಯಮಂಗಲಿಯ ನೀರು ಉತ್ತರ ಪಿನಾಕಿನಿಗೆ ಸೇರಿ ಆಂಧ್ರಕ್ಕೆ ಹೋಗುತ್ತದೆ. ಶಿಂಷೆಯ ನೀರು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯನ್ನೂ ತುಂಬಿ, ಮದ್ದೂರನ್ನು ದಾಟಿ ಕಾವೇರಿಯನ್ನು ಸೇರುತ್ತದೆ. ಸಾಲುಕೆರೆಗಳಲ್ಲಿ ಮೇಲಿನ ಕೆರೆ ಕೋಡಿಬಿದ್ದರೆ ಕೆಳಗಿನದಕ್ಕೆ ನೀರಿನೊಡನೆ ಮೀನೂ ಇಳಿಯುತ್ತದೆ. ಗುಬ್ಬಿಯ ಹುಡುಗನೊಬ್ಬನು ಬೇಸರದಿಂದ ಬರಿದುಮಾಡಿದ ಬಕೆಟ್ಟಿನ ಫಲವನ್ನು ಕುಣಿಗಲ್ಲಿನ ಅಚ್ಚುಕಟ್ಟುದಾರನು ಅನುಭವಿಸಬೇಕಾಗಬಹುದು.

ಆದಕಾರಣ ತೊಟ್ಟಿಯನ್ನು ಮುಗಿಸುವಾಗ ಮೀನನ್ನು ತೊಟ್ಟಿಯುಳ್ಳ ಬೇರೊಬ್ಬರಿಗೋ ಶಾಲೆಗೋ ಮಾರಿದ ಅಂಗಡಿಗೋ ಕೊಡತಕ್ಕದ್ದು. ಸಮೀಪದ ಕೆರೆಯಿಂದಲೇ ತಂದ ಗೆಂಡೆಯಾದರೂ, ಅಂಗಡಿಯ ಮೀನಿನೊಡನೆ ಒಂದೇ ನೀರಿನಲ್ಲಿ ಇದ್ದುದಾದರೆ, ರೋಗವನ್ನು ಒಯ್ಯುವ ಸಂಭವವಿರುವುದರಿಂದ ಅದನ್ನೂ ಹಿಂದಕ್ಕೆ ಬಿಡಕೂಡದು. ಗಿಡಗಳನ್ನು ಅಂಗಳದ ಬಿಸಿಲಿನಲ್ಲಿ ಹರಡಿ, ಕೈಯಲ್ಲಿ ಹಿಡಿದರೆ ಪುಡಿಯಾಗುವವರೆಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಹೈಡ್ರಿಲ್ಲಾದ ಒಂದು ಗಂಟು ಹಸಿಯಾಗಿ ಉಳಿದರೂ ಚಿಗುರುತ್ತದೆ. ನೀರನ್ನು ಹಳ್ಳಕ್ಕಾಗಲಿ ಚರಂಡಿಗಾಗಲಿ ಬಿಡದೆ, ತೆಂಗಿನ ಪಾತಿಗೆ ಎರೆಯತಕ್ಕದ್ದು. ಮರಳನ್ನು ಒಂದು ವಾರ ಒಣಗಿಸಿಟ್ಟರೆ ಮತ್ತೊಂದು ತೊಟ್ಟಿಗೆ ಬರುತ್ತದೆ.